ಅಳಿಲಿಗೆ ಒಂದು ತೊಟ್ಟು ಮದ್ದು

ಕನ್ನಡದಲ್ಲಿ ‘ಮದ್ದು’ ಎಂಬ ಶಬ್ದಕ್ಕೆ ಅರ್ಥಗಳು ಹಲವು. ರೋಗವನ್ನು ಕಳೆಯುವುದೂ ಮದ್ದೇ, ತೋಪಿಗೆ ತುಂಬುವುದೂ ಮದ್ದೇ, ಆಗದವರಿಗೆ ಅನ್ನದಲ್ಲಿ ಕಲಸಿ ಹಾಕುತ್ತಾರೆಂದು ಹಳ್ಳಿಯ ಜನ ಅಂಜುವ ‘ಕೈಮದ್ದು’ ಕೂಡ ಮದ್ದೇ. ಬದುಕಿಸುವುದಕ್ಕೂ ಕೊಲ್ಲುವುದಕ್ಕೂ ಒಂದೇ ಹೆಸರನ್ನಿಟ್ಟ ನಮ್ಮ ಹಿರಿಯರು ಅಜ್ಞಾನದಿಂದ ಹಾಗೆ ಮಾಡಿದರೆಂದು ನನಗೆ ತೋರುವುದಿಲ್ಲ. ‘ಮಾತ್ರೆ’ ಎಂಬ ಇನ್ನೊಂದು ಶಬ್ದವನ್ನು ನೋಡಬಹುದು. ಸಂಸ್ಕೃತದ ‘ಮಾತ್ರಾ’ ಎಂದರೆ ಅಳತೆ. ಛಂದಸ್ಸಿನ ತರಗತಿಯಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ನಾವು ಪ್ರಸ್ತಾರ ಹಾಕುತ್ತೇವೆ. ಅದೇ ಶಬ್ದ ಔಷಧದ ಅಂಗಡಿಯಲ್ಲಿ ಗುಳಿಗೆಯ ಹೆಸರಾಗಿ ನಿಂತಿದೆ. ಯುರೋಪು ಖಂಡದಲ್ಲಿ 16ನೆಯ ಶತಮಾನದಲ್ಲಿದ್ದ ಪ್ಯಾರಾಸೆಲ್ಸಸ್ ಎಂಬ ವೈದ್ಯನು, ಯಾವ ವಸ್ತುವೂ ವಿಷವಲ್ಲದೆ ಇಲ್ಲ, ಅದನ್ನು ವಿಷವೆನಿಸುವುದೂ ಅಲ್ಲವೆನಿಸುವುದೂ ಅದರ ಪ್ರಮಾಣವೇ ಎಂಬ ಅಭಿಪ್ರಾಯವನ್ನು ಮುಂದಿಟ್ಟು ಹೆಸರಾದನು. ಅತಿಯಾದರೆ ಅಮೃತವೂ ವಿಷ ಎನ್ನುವ ನಮ್ಮ ಅಜ್ಜಿಯರಿಗೆ ಇದು ಹೊಸ ಮಾತಾಗಿರಲಾರದು.

ಆದರೆ ‘ಅತಿ’ ಎಂಬುದು ಎಲ್ಲಿಂದ ಮೊದಲಾಗುತ್ತದೆ? ಮನುಷ್ಯನಿಗೆ ಸ್ವಲ್ಪವೆಂದು ತೋರುವುದು ಒಂದು ಅಳಿಲಿಗೆ ಎಷ್ಟಾದೀತು? ಪ್ರಕೃತ ಲೇಖನದ ವಿಷಯ ಇಷ್ಟೆ. ನಾನು ಕಲಾ ವಿಭಾಗದ ವಿದ್ಯಾರ್ಥಿನಿ. ರಸಾಯನಶಾಸ್ತ್ರವನ್ನು ಪ್ರೌಢಶಾಲೆಯಲ್ಲಿಯೇ ಬಿಟ್ಟು ಬಂದವಳು. ಆದರೂ ಈ ವಿಷಯಕ್ಕೆ ಬೇಕಾದ ಗಣಿತ ತ್ರೈರಾಶಿಕಕ್ಕಿಂತ ಹೆಚ್ಚಿನದಲ್ಲವಾದ್ದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ನಮ್ಮ ಊರುಗಳಲ್ಲಿ ಕಾಣಸಿಗುವ ಅಳಿಲು ಬೆನ್ನಿನ ಮೇಲೆ ಮೂರು ಗೆರೆಗಳುಳ್ಳದ್ದು. ಉತ್ತರ ಭಾರತದಲ್ಲಿ ಹೆಚ್ಚಾಗಿರುವುದು ಐದು ಗೆರೆಯ ಜಾತಿ. ಶ್ರೀರಾಮನ ಬೆರಳುಗಳು ಅಲ್ಲಿ ಹೇಗೆ ಐದಾದವೆಂದು ಕೇಳಿದರೆ ಪುರಾಣಿಕರು ಉತ್ತರ ಹೇಳಬೇಕು. ಬೆಳೆದ ಅಳಿಲಿನ ತೂಕ 100 ಗ್ರಾಮಿನ ಆಸುಪಾಸು, ಎಂದರೆ ಒಂದು ಸಾಧಾರಣ ಬಾಳೆಹಣ್ಣಿನಷ್ಟು. ಹುಟ್ಟಿದ ಮರಿಗೆ ಕಣ್ಣಿಲ್ಲ, ಕೂದಲಿಲ್ಲ. ತೆಂಗಿನ ಗರಿ ಕಡಿಯುವಾಗಲೋ ಹಳೆಯ ಹೆಂಚು ಇಳಿಸುವಾಗಲೋ ಗೂಡು ಕೆಳಕ್ಕೆ ಬೀಳುತ್ತದೆ. ಮರಿಗಳು ಮನೆಯವರ ಕೈಗೆ ಬರುತ್ತವೆ. ಮಕ್ಕಳು ರಟ್ಟಿನ ಡಬ್ಬಿಯಲ್ಲಿ ಹಳೆಯ ಬಟ್ಟೆ ಹಾಸಿ, ಶಾಯಿ ಹಾಕುವ ಪಿಳ್ಳೆಯಂಥದರಲ್ಲಿ ಹಾಲು ಕುಡಿಸಿ ಸಾಕುತ್ತಾರೆ. ಕೆಲವು ಬದುಕುತ್ತವೆ. ಬದುಕಿದವನ್ನು ಮರಕ್ಕೆ ಹಿಂದಿರುಗಿಸುವುದೇ ಇದರಲ್ಲಿ ಮುಖ್ಯವಾದ ಕೆಲಸ. ಪಂಜರದಲ್ಲಿ ಇಟ್ಟುಕೊಳ್ಳುವುದು ಉಪಕಾರವಲ್ಲ.

ಹೀಗೆ ಕೈಯಲ್ಲಿ ಬೆಳೆದ ಕಾಡುಪ್ರಾಣಿಯ ಒಂದು ವಿಶೇಷವನ್ನು ಗಮನಿಸಬೇಕು. ಮರದ ಮೇಲಿನ ಅಳಿಲು ಯಾವುದನ್ನಾದರೂ ತಿನ್ನುವ ಮುಂಚೆ ಮೂಸುತ್ತದೆ, ಮುಂಗಾಲಿನಲ್ಲಿ ಹಿಡಿದು ತಿರುಗಿಸುತ್ತದೆ, ಒಂದು ಚೂರು ಕಡಿದು ನೋಡುತ್ತದೆ, ಕಹಿಯಾದರೆ ಬಿಸಾಡುತ್ತದೆ. ಕೈಮರಿಯಾದರೋ ಪಿಳ್ಳೆಯ ತುದಿ ಕಂಡರೆ ಸಾಕು, ಬಾಯಿ ತೆರೆಯುತ್ತದೆ. ಕಾಡಿನಲ್ಲಿ ಅದನ್ನು ಕಾಯುತ್ತಿದ್ದ ಅನುಮಾನವನ್ನು ನಾವೇ ಬಿಡಿಸಿರುತ್ತೇವೆ. ಅಷ್ಟಲ್ಲದೆ, ಇಲಿ, ಹೆಗ್ಗಣ, ಅಳಿಲು ಮೊದಲಾದ ದಂಶಕ ಜಾತಿಯ ಪ್ರಾಣಿಗಳಿಗೆ ವಾಂತಿ ಮಾಡುವ ಶಕ್ತಿಯೇ ಇಲ್ಲ. ನಾಯಿ ಬೆಕ್ಕುಗಳು ಕೆಟ್ಟದ್ದನ್ನು ತಿಂದರೆ ಗರಿಕೆ ಮೇಯ್ದಾದರೂ ಕಕ್ಕುವುದನ್ನು ಕಂಡಿದ್ದೇವೆ. ಅಳಿಲಿನ ಹೊಟ್ಟೆಗೆ ಒಮ್ಮೆ ಇಳಿದದ್ದು ಅಲ್ಲಿಂದ ಹಿಂದಕ್ಕೆ ಬರುವಂತಿಲ್ಲ.

ಇನ್ನು ನಡೆದ ಸಂಗತಿ. ನಮ್ಮ ನೆರೆಮನೆಯಲ್ಲಿ, ನಾವೆಲ್ಲ ದೊಡ್ಡವ್ವ ಎಂದು ಕರೆಯುವ ಹಿರಿಯಾಕೆಯೊಬ್ಬಳಿದ್ದಾಳೆ. ಒಂದು ಹಸು, ಒಂದು ಕರು ಆಕೆಯ ಆಸ್ತಿ. ಕಳೆದ ವರ್ಷ ಆಕೆಯ ಮೊಮ್ಮಕ್ಕಳು ಎರಡು ಅಳಿಲುಗಳನ್ನು ಸಾಕಿದ್ದರು. ಒಂದು ಮೊದಲು ಸಿಕ್ಕಿ ಚೆನ್ನಾಗಿ ಬೆಳೆದು, ಹಗಲೆಲ್ಲ ನುಗ್ಗೆ ಮರದ ಮೇಲಿದ್ದು ಸಂಜೆಗೆ ಡಬ್ಬಿಗೆ ಬರುತ್ತಿತ್ತು. ಇನ್ನೊಂದು ಆಮೇಲೆ ಸಿಕ್ಕ ಚಿಕ್ಕ ಮರಿ. ಎರಡಕ್ಕೂ ತುರಿಕೆ ಹತ್ತಿತು. ಕತ್ತಿನ ಕೂದಲು ಉದುರಿ ಚರ್ಮ ಕೆಂಪಾಯಿತು. ಹಸುವಿಗೆ ಉಣ್ಣೆ ಹತ್ತಿದಾಗ ತಂದಿದ್ದ ಮದ್ದಿನ ಸೀಸೆ ಗೂಡಿನಲ್ಲಿ ಅರ್ಧ ಉಳಿದಿತ್ತು. ದೊಡ್ಡವ್ವ ಎರಡು ಅಳಿಲಿಗೂ ಸಮನಾಗಿ, ಹಾಲಿನ ಜೊತೆ ಒಂದೊಂದು ತೊಟ್ಟು ಹಾಕಿದಳು. ನಾನು ಸಂಜೆ ಕಾಲೇಜಿನಿಂದ ಬರುವ ಹೊತ್ತಿಗೆ ಚಿಕ್ಕ ಮರಿ ಕಳ್ಳು ಕುಡಿದಂತೆ ತೂರಾಡುತ್ತಿತ್ತು. ಹಿಂಗಾಲು ಎಳೆಯುತ್ತಿತ್ತು, ಬೆರಳು ಕೊಟ್ಟರೆ ಹಿಡಿಯುತ್ತಿರಲಿಲ್ಲ. ರಾತ್ರಿಗೆ ಮೈ ನಡುಗಲು ತೊಡಗಿತು.

“ಒಂದೇ ಒಂದು ತೊಟ್ಟು ಕಣವ್ವಾ ನಾ ಹಾಕಿದ್ದು. ಹಸುವಿಗೆ ಸೂಜಿ ತುಂಬಾ ಹಾಕ್ತಾರೆ, ಅದಕ್ಕೇನೂ ಆಗಲಿಲ್ಲ” ಎಂದಳು ದೊಡ್ಡವ್ವ.

ಸೀಸೆಯ ಮೇಲಿನ ಬರಹವೆಲ್ಲ ಇಂಗ್ಲಿಷಿನಲ್ಲಿತ್ತು. ಕನ್ನಡದ ಒಂದಕ್ಷರವೂ ಇರಲಿಲ್ಲ. ನಮ್ಮ ಕೇರಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನಾವು ಇಬ್ಬರೋ ಮೂವರೋ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಓದಿದವರಿಲ್ಲ. ಆಸ್ಪತ್ರೆಯ ಚೀಟಿ, ಗೊಬ್ಬರದ ಚೀಲ, ಬೆಳೆಗೆ ಹೊಡೆಯುವ ಔಷಧದ ಡಬ್ಬಿ ಎಲ್ಲವೂ ಓದಿಸಿಕೊಳ್ಳಲು ನಮ್ಮ ಜಗಲಿಗೆ ಬರುತ್ತವೆ. ಈ ಸೀಸೆ ಬಂದಿರಲಿಲ್ಲ. ಹಸುವಿಗೆ ಹಾಕಿ ಪಳಗಿದ ಮದ್ದನ್ನು ಓದಿಸುವ ಅಗತ್ಯವಾದರೂ ಏನಿತ್ತು? ಅದರ ಮೇಲಿದ್ದುದು ಐವರ್‌ಮೆಕ್ಟಿನ್ ಎಂಬ ಹೆಸರು. ನೂರಕ್ಕೆ ಒಂದು ಪಾಕ, ಎಂದರೆ 1 ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಮದ್ದು. 50 ಕಿಲೋ ತೂಕದ ದನಕ್ಕೆ 1 ಮಿಲಿಲೀಟರು.

ಲೆಕ್ಕ ಇಲ್ಲಿಂದ ಹೊರಡುತ್ತದೆ. ತೊಟ್ಟಿಕ್ಕುವ ಪಿಳ್ಳೆಯಿಂದ ಬೀಳುವ ಒಂದು ತೊಟ್ಟು ಸುಮಾರು ಮಿಲಿಲೀಟರಿನ ಇಪ್ಪತ್ತನೆಯ ಒಂದು ಭಾಗ. 1 ಮಿಲಿಲೀಟರು 50 ಕಿಲೋಗೆ ಸರಿಯಾದರೆ ಒಂದು ತೊಟ್ಟು ಎರಡೂವರೆ ಕಿಲೋಗೆ ಸರಿ, ಎಂದರೆ 2,500 ಗ್ರಾಮಿಗೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ ದೊಡ್ಡ ಅಳಿಲು 90 ಗ್ರಾಂ, ಚಿಕ್ಕದು 45 ಗ್ರಾಂ ಇದ್ದವು. ದೊಡ್ಡದಕ್ಕೆ ತಕ್ಕ ಅಳತೆಯ 27 ಪಟ್ಟಿಗೂ ಮಿಕ್ಕಿ, ಚಿಕ್ಕದಕ್ಕೆ 55 ಪಟ್ಟಿಗೂ ಮಿಕ್ಕಿ ಮದ್ದು ಹೋಗಿತ್ತು. ಇಬ್ಬರು ಮೊಮ್ಮಕ್ಕಳಿಗೆ ರೊಟ್ಟಿ ಮುರಿದು ಕೊಡುವಂತೆ ಸಮನಾಗಿ ಹಂಚಿದ್ದೇ ಚಿಕ್ಕದಕ್ಕೆ ಇಮ್ಮಡಿಯಾಯಿತು. ಸರಿಯಾದ ಪ್ರಮಾಣ ಕೊಡಬೇಕಾಗಿದ್ದರೆ ಒಂದು ತೊಟ್ಟನ್ನು ಐವತ್ತೈದು ಪಾಲು ಮಾಡಿ ಒಂದು ಪಾಲು ಕೊಡಬೇಕಾಗಿತ್ತು. ಅದನ್ನು ಯಾರ ಕೈಯೂ ಮಾಡಲಾರದು.

ಚಿಕ್ಕ ಮರಿ ಬೆಳಗಾಗುವುದರೊಳಗೆ ಸತ್ತಿತ್ತು. ದೊಡ್ಡದನ್ನು ತಾಲ್ಲೂಕಿನ ಪಶುಚಿಕಿತ್ಸಾಲಯಕ್ಕೆ ಕೊಂಡೊಯ್ದೆವು. ಈ ಮದ್ದಿಗೆ ಪ್ರತಿಮದ್ದು ಇಲ್ಲವೆಂದು ವೈದ್ಯರು ಹೇಳಿದರು. ಕಾವಿನಲ್ಲಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡುವುದು; ನೀರಿನಂಶ ಆರದಂತೆ ಚರ್ಮದ ಕೆಳಗೆ ಲವಣದ ನೀರು ಸೇರಿಸುವುದು; ದೇಹ ತಾನಾಗಿ ಮದ್ದನ್ನು ಕಳೆಯುವವರೆಗೆ ಕಾಯುವುದು. ನುಂಗಲಾರದ ಪ್ರಾಣಿಯ ಬಾಯಿಗೆ ಹಾಲು ಹಿಂಡಿದರೆ ಅದು ಶ್ವಾಸಕೋಶಕ್ಕೆ ಇಳಿಯುವುದಾದ್ದರಿಂದ ಬಾಯಿಗೆ ಏನನ್ನೂ ಹಾಕಬೇಡಿರೆಂದು ಎರಡು ಸಲ ಎಚ್ಚರಿಸಿದರು. ಅದು ನಾಲ್ಕು ದಿನ ಬಿದ್ದಿದ್ದು ಐದನೆಯ ದಿನ ಬಟ್ಟೆಯನ್ನು ಉಗುರಿನಿಂದ ಹಿಡಿಯಿತು.

ಐವರ್‌ಮೆಕ್ಟಿನ್ ಕೆಟ್ಟ ಮದ್ದೆಂದು ಇದರಿಂದ ಯಾರೂ ತಿಳಿಯಬಾರದು. ಜಪಾನಿನ ಸತೋಶಿ ಓಮುರಾ ಎಂಬ ವಿಜ್ಞಾನಿ ಅಲ್ಲಿನ ಮಣ್ಣಿನಿಂದ ಬೇರ್ಪಡಿಸಿದ ಒಂದು ಸೂಕ್ಷ್ಮಜೀವಿಯಿಂದ ಇದರ ಮೂಲ ದೊರೆಯಿತು. ಅಮೆರಿಕೆಯಲ್ಲಿದ್ದ ವಿಲಿಯಂ ಕ್ಯಾಂಬೆಲ್ ಎಂಬುವರು ಅದು ಹುಳುಗಳನ್ನು ಕೊಲ್ಲುವುದನ್ನು ತೋರಿಸಿದರು. 1981ರಲ್ಲಿ ದನಕರುಗಳ ಮದ್ದಾಗಿ ಬಂದದ್ದು, ಆಫ್ರಿಕಾದ ನದೀತೀರಗಳಲ್ಲಿ ಜನರನ್ನು ಕುರುಡಾಗಿಸುತ್ತಿದ್ದ ರೋಗಕ್ಕೂ ಔಷಧವಾಯಿತು. 2015ರಲ್ಲಿ ಇವರಿಬ್ಬರಿಗೂ ನೊಬೆಲ್ ಪಾರಿತೋಷಕದ ಭಾಗ ಸಂದಿತು. ಹುಳು, ನುಸಿಗಳ ನರಗಳಲ್ಲಿರುವ ಒಂದು ಬಗೆಯ ಬಾಗಿಲನ್ನು ತೆರೆದು ಮುಚ್ಚದಂತೆ ಮಾಡಿ ಅವುಗಳಿಗೆ ಪಾರ್ಶ್ವವಾಯು ತರುವುದು ಇದರ ಕ್ರಮ. ಸಸ್ತನಿಗಳ ಮಿದುಳಿನಲ್ಲೂ ಈ ಮದ್ದಿಗೆ ಸಿಕ್ಕಿಬೀಳಬಲ್ಲ ಅಂಥ ಬಾಗಿಲುಗಳುಂಟು. ಆದರೆ ರಕ್ತದಿಂದ ಮಿದುಳಿಗೆ ಹೋಗುವ ದಾರಿಯಲ್ಲಿ ಕಾವಲುಗಾರನಂತಿರುವ ಒಂದು ಪ್ರೋಟೀನು ಮದ್ದನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ. ಹಸು ಬದುಕುವುದು ಈ ಕಾವಲಿನಿಂದ. ಮದ್ದು ಹೊಳೆಯಂತೆ ನುಗ್ಗಿದರೆ ಕಾವಲುಗಾರ ಎಷ್ಟನ್ನು ತಡೆದಾನು? ಮರಿಗಳಲ್ಲಿ ಆ ಕಾವಲು ಇನ್ನೂ ಪೂರ್ತಿ ಬಲಿತಿರುವುದಿಲ್ಲ.

ಈ ಕಾವಲುಗಾರನ ಮಹತ್ವ ಗೊತ್ತಾದುದು ಕೂಡ ಒಂದು ಆಕಸ್ಮಿಕದಿಂದಲೇ ಎಂಬುದು ಸ್ವಾರಸ್ಯದ ವಿಷಯ. ನೆದರ್‌ಲೆಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮಿನ ಪ್ರಯೋಗಾಲಯವೊಂದರಲ್ಲಿ ಆ ಪ್ರೋಟೀನು ಇಲ್ಲದಂತೆ ಬೆಳೆಸಿದ ಇಲಿಮರಿಯಂಥ ಸಣ್ಣ ಸುಂಡಿಲಿಗಳಿದ್ದವು. ನುಸಿ ಹತ್ತಿತೆಂದು ಎಲ್ಲ ಗೂಡುಗಳಿಗೂ ಐವರ್‌ಮೆಕ್ಟಿನ್ ಸಿಂಪಡಿಸಿದರು. ಸಾಧಾರಣ ಸುಂಡಿಲಿಗಳಿಗೆ ಏನೂ ಆಗಲಿಲ್ಲ, ಪ್ರೋಟೀನಿಲ್ಲದವು ಸತ್ತವು. ವಿಚಾರಿಸಿ ನೋಡಲಾಗಿ, ಅವು ಈ ಮದ್ದಿಗೆ ಸುಮಾರು 100 ಪಟ್ಟು ಹೆಚ್ಚು ಈಡಾಗತಕ್ಕವೆಂದು ತಿಳಿಯಿತು. 1994ರಲ್ಲಿ ಈ ಸಂಗತಿ ಪ್ರಕಟವಾಯಿತು. ಕುರಿ ಕಾಯುವ ಕಾಲಿ ಜಾತಿಯ ನಾಯಿಗಳು ಬೇರೆ ನಾಯಿಗಳಿಗೆ ಒಗ್ಗುವಷ್ಟೇ ಐವರ್‌ಮೆಕ್ಟಿನ್ನಿಗೆ ಏಕೆ ಬೀಳುತ್ತವೆಂಬ ಒಗಟೂ ಅದೇ ದಾರಿಯಲ್ಲಿ ಬಿಡಿಸಿತು.

ದನದ ಮದ್ದಿನ ಮಾತು ಇಷ್ಟಾಯಿತು. ಎಲ್ಲರ ಮನೆಯಲ್ಲೂ ಇರುವ, ಯಾರೂ ಹೆದರದ ಪ್ಯಾರಸಿಟಮಾಲನ್ನೇ ಇನ್ನು ನೋಡೋಣ. ಹಸುಗೂಸುಗಳ ಜ್ವರಕ್ಕೆಂದು ಮಾರುವ ಹನಿಮದ್ದಿನಲ್ಲಿ 1 ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವುದುಂಟು; ಒಂದು ತೊಟ್ಟಿನಲ್ಲಿ 5 ಮಿಲಿಗ್ರಾಂ. ಬಿದ್ದು ಪೆಟ್ಟಾದ 30 ಗ್ರಾಮಿನ ಅಳಿಲು ಮರಿಗೆ ನೋವು ಇಳಿಯಲೆಂದು ಆ ಒಂದು ತೊಟ್ಟು ಹಾಕಿದರೆ, ಕಿಲೋ ಲೆಕ್ಕದಲ್ಲಿ ಅದು 167 ಮಿಲಿಗ್ರಾಂ ಆಯಿತು. ಮಗುವಿಗೆ ವೈದ್ಯರು ಒಂದು ಸಲಕ್ಕೆ ಕೊಡುವುದು ಕಿಲೋಗೆ 10ರಿಂದ 15 ಮಿಲಿಗ್ರಾಂ. ಮನುಷ್ಯರು ಒಮ್ಮೆಲೇ ಕಿಲೋಗೆ 150 ಮಿಲಿಗ್ರಾಂ ನುಂಗಿದರೆ ಯಕೃತ್ತಿಗೆ ಅಪಾಯವೆಂದು ಆಸ್ಪತ್ರೆಗಳಲ್ಲಿ ಎಣಿಸುತ್ತಾರೆ. ಪ್ಯಾರಸಿಟಮಾಲಿನ ಬಹುಭಾಗವನ್ನು ಯಕೃತ್ತು ಸಕ್ಕರೆಯಂಥ, ಗಂಧಕದಂಥ ಪದಾರ್ಥಗಳೊಡನೆ ಕಟ್ಟಿ ಮೂತ್ರದಲ್ಲಿ ಕಳುಹಿಸುತ್ತದೆ. ಉಳಿದ ಸ್ವಲ್ಪ ಭಾಗ ವಿಷವಾಗಿ ಮಾರ್ಪಡುತ್ತದೆ. ಆ ವಿಷವನ್ನು ಆರಿಸಲು ಗ್ಲೂಟಥಯೋನ್ ಎಂಬ ದ್ರವ್ಯದ ಸಂಗ್ರಹ ಯಕೃತ್ತಿನಲ್ಲಿ ಇರುತ್ತದೆ. ಸಂಗ್ರಹ ಮುಗಿಯುವವರೆಗೆ ಹೊರಗೆ ಏನೂ ಕಾಣುವುದಿಲ್ಲ, ಮುಗಿದ ಮೇಲೆ ಯಕೃತ್ತಿನ ಜೀವಕೋಶಗಳೇ ಸಾಯತೊಡಗುತ್ತವೆ. ಮೊದಲ ದಿನ ‘ಚೆನ್ನಾಗಿಯೇ ಇದೆ’ ಎಂದು ಮನೆಯವರು ಸಮಾಧಾನ ಪಡುವುದು ಇದರಿಂದ. ಬೆಕ್ಕಿಗಂತೂ ಸಕ್ಕರೆಯೊಡನೆ ಕಟ್ಟುವ ಆ ಮೊದಲ ಶಕ್ತಿಯೇ ಬಹಳ ಕಡಮೆ. ಅದಕ್ಕೆ ಈ ಮಾತ್ರೆಯ ಚೂರೂ ಕೂಡದು.

ತೂಕಕ್ಕೆ ತಕ್ಕಂತೆ ಭಾಗಿಸಿದರೆ ಎಲ್ಲವೂ ಸರಿಹೋಯಿತೇ ಎಂದು ವಿಜ್ಞಾನ ವಿಭಾಗದ ಮಿತ್ರರು ಕೇಳಬಹುದು. ಸರಿಹೋಗುವುದಿಲ್ಲ. 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ಎಂಬ ವಿದ್ವಾಂಸನು ಪ್ರಾಣಿಗಳ ದೇಹ ಉರಿಸುವ ಶಕ್ತಿ ಅವುಗಳ ತೂಕದಷ್ಟೇ ವೇಗವಾಗಿ ಏರುವುದಿಲ್ಲವೆಂದು ತೋರಿಸಿದನು. ತೂಕ 16 ಪಟ್ಟಾದರೆ ಉರುವಲು 8 ಪಟ್ಟು ಮಾತ್ರ. ಈ ತತ್ತ್ವವನ್ನು ಕಡೆಗಣಿಸಿದ್ದಕ್ಕೆ ಸಿಕ್ಕ ದೊಡ್ಡ ಉದಾಹರಣೆ ಒಂದು ಆನೆ. 1962ರ ಆಗಸ್ಟಿನಲ್ಲಿ ಅಮೆರಿಕೆಯ ಓಕ್ಲಹೋಮಾ ನಗರದ ಮೃಗಾಲಯದಲ್ಲಿದ್ದ ಟಸ್ಕೊ ಎಂಬ ಗಂಡಾನೆಗೆ, ಮದವೇರುವ ಕಾರಣವನ್ನು ತಿಳಿಯಲು, ಎಲ್‌ಎಸ್‌ಡಿ ಎಂಬ ಮನೋವಿಕಾರದ ಔಷಧವನ್ನು ಚುಚ್ಚಿದರು. ಬೆಕ್ಕು ತಾಳಿಕೊಳ್ಳುವ ಪ್ರಮಾಣವನ್ನು ಆನೆಯ ತೂಕದಿಂದ ಗುಣಿಸಿ 297 ಮಿಲಿಗ್ರಾಂ ಎಂದು ಗೊತ್ತುಮಾಡಿದ್ದರು. ಆನೆ ಐದು ನಿಮಿಷದಲ್ಲಿ ಕುಸಿಯಿತು, ಎರಡು ಗಂಟೆಯೊಳಗೆ ಸತ್ತಿತು. ಅದನ್ನು ಉಳಿಸಲೆಂದು ಆಮೇಲೆ ಚುಚ್ಚಿದ ಮದ್ದುಗಳೂ ಸಾವಿಗೆ ಕಾರಣವೆಂದು ವಾದಿಸುವವರುಂಟು. ತ್ರೈರಾಶಿಕವು ಅಪಾಯವನ್ನು ತೋರಿಸಲು ಸಾಕು. ಪ್ರಮಾಣವನ್ನು ಗೊತ್ತುಮಾಡಲು ಆಯಾ ಜಾತಿಯನ್ನು ಬಲ್ಲ ವೈದ್ಯನೇ ಬೇಕು. ನಮ್ಮ ಅಳಿಲಿನ ಮೇಲೆ ಪರೀಕ್ಷೆ ಮಾಡಿ ಬರೆದ ಔಷಧದ ಚೀಟಿ ಅಂಗಡಿಯಲ್ಲಿ ಸಿಗುವುದಿಲ್ಲ. ವೈದ್ಯರೂ ಇಲಿ, ಮೊಲ ಮುಂತಾದವುಗಳ ಅನುಭವದಿಂದ ಅಂದಾಜು ಕಟ್ಟಿ ಎಚ್ಚರದಿಂದ ಕೊಡುತ್ತಾರೆ. ಆ ನೆಂಟಸ್ತನವನ್ನೂ ಪೂರ್ತಿ ನಂಬುವಂತಿಲ್ಲ: ನಾಯಿಯ ಉಣ್ಣೆಗೆ ಬಳಸುವ ಫಿಪ್ರೊನಿಲ್ ಮೊಲಕ್ಕೆ ಪ್ರಾಣಾಂತಿಕ.

ಜಾತಿಯೇ ಬೇರೆಯಾದಾಗ ಅಳತೆಯ ಮಾತು ಹೇಗೆ ಸೋಲುತ್ತದೆಂಬುದಕ್ಕೆ ರಣಹದ್ದುಗಳ ಕಥೆಯಷ್ಟು ದಾರುಣವಾದದ್ದು ನಮ್ಮ ದೇಶದಲ್ಲಿ ಇನ್ನೊಂದಿಲ್ಲ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನ್ಯಾಕ್, ಸತ್ತ ದನದ ಮಾಂಸದಲ್ಲಿ ಉಳಿದಿದ್ದ ಅಲ್ಪಸ್ವಲ್ಪದಿಂದಲೇ ಹದ್ದುಗಳ ಮೂತ್ರಪಿಂಡವನ್ನು ಕೆಡಿಸಿತು. 1992ರಿಂದ 2007ರ ಒಳಗೆ ಭಾರತದ ಬಿಳಿಬೆನ್ನಿನ ರಣಹದ್ದುಗಳು ನೂರಕ್ಕೆ 99.9ರಷ್ಟು ಅಳಿದವು. ಕಾರಣ ಗೊತ್ತಾದುದು 2004ರಲ್ಲಿ, ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ. ದನಗಳಿಗೆ ಅದನ್ನು ಕೊಡುವುದನ್ನು ಭಾರತ ಸರ್ಕಾರ 2006ರಲ್ಲಿ ನಿಷೇಧಿಸಿತು. ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳು ಕೊಟ್ಟಿಗೆಗೆ ಹೋಗುತ್ತಿದ್ದುದರಿಂದ 2015ರಲ್ಲಿ ಸೀಸೆಯ ಗಾತ್ರವನ್ನೇ 3 ಮಿಲಿಲೀಟರಿಗೆ ಇಳಿಸಲಾಯಿತು. ರಾಮನಗರದ ರಾಮದೇವರ ಬೆಟ್ಟದ ಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಧಾಮವಾಯಿತು. ಆ ಬೆಟ್ಟಗಳನ್ನು ನಮ್ಮಲ್ಲಿ ಬಹಳ ಮಂದಿ ‘ಶೋಲೆ’ ಚಲನಚಿತ್ರದಿಂದ ಬಲ್ಲರು, ಹದ್ದುಗಳಿಂದ ಅಲ್ಲ.

ಮತ್ತೆ ಅಳಿಲಿಗೆ ಬರೋಣ. ಮರಿ ಸಿಕ್ಕಾಗ ಮೊದಲು ಬೇಕಾದದ್ದು ಮದ್ದಲ್ಲ, ಕಾವು. ತಣ್ಣಗಾದ ಮರಿಗೆ ಹಾಲನ್ನೂ ಕುಡಿಸಬಾರದು. ಮೈ ಬೆಚ್ಚಗಾದ ಮೇಲೆಯೇ ಅದರ ಹೊಟ್ಟೆ ಕೆಲಸ ಮಾಡುವುದು. ಗೂಡು ಹತ್ತಿರದಲ್ಲಿದ್ದರೆ ತಾಯಿ ಬಂದು ಕಚ್ಚಿಕೊಂಡು ಹೋಗುವ ಸಂಭವವುಂಟು. ದೂರ ನಿಂತು ಕಾಯಬೇಕು. ತಾಯಿ ಬಾರದಿದ್ದರೆ ಪಶುವೈದ್ಯರಿಗೂ ಅರಣ್ಯ ಇಲಾಖೆಗೂ ತಿಳಿಸುವುದು ಕ್ರಮ. ಅವರ ಹತ್ತಿರ ಹೋಗುವಾಗ ಮರಿಯನ್ನು ಗ್ರಾಮಿನಲ್ಲಿ ತೂಗಿ ಬರೆದುಕೊಂಡು ಹೋದರೆ ಅರ್ಧ ಕೆಲಸವಾದಂತೆ. ಏನಾದರೂ ಈಗಾಗಲೇ ಹಾಕಿದ್ದರೆ ಸೀಸೆಯನ್ನೇ ಕೊಂಡೊಯ್ಯಬೇಕು, ಹಾಕಿದ ಹೊತ್ತನ್ನು ಹೇಳಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ವೈದ್ಯರು ತೂರಾಟಕ್ಕೆ ಬೇರೆ ಕಾರಣ ಹುಡುಕುತ್ತ ಹೊತ್ತು ಕಳೆಯುತ್ತಾರೆ.

ವೈದ್ಯರು ಬರೆದುಕೊಟ್ಟ ಮೇಲೂ ಎಡವುವ ಕಡೆಗಳಿವೆ. 0.1 ಎಂಬುದರ ಬಿಂದು ಅಳಿಸಿಹೋದರೆ ಅದು 1 ಆಗಿ ಹತ್ತು ಪಟ್ಟಾಗುತ್ತದೆ. ಸಣ್ಣ ಅಳತೆಗೆಂದು ಮಧುಮೇಹದವರು ಬಳಸುವ ಇನ್ಸುಲಿನ್ ಸಿರಿಂಜನ್ನು ಕೊಳ್ಳುವವರು ಅದರಲ್ಲಿ ಎರಡು ಜಾತಿಯಿದೆ ಎಂಬುದನ್ನು ನೋಡಬೇಕು. ಕೆಂಪು ಟೋಪಿಯದರಲ್ಲಿ 40 ಎಂಬ ಗೆರೆಗೆ 1 ಮಿಲಿಲೀಟರು, ಕಿತ್ತಳೆ ಬಣ್ಣದ್ದರಲ್ಲಿ 100 ಎಂಬ ಗೆರೆಗೆ. ಹತ್ತನೆಯ ಗೆರೆಯವರೆಗೆ ಎಳೆದರೆ ಒಂದರಲ್ಲಿ 0.25, ಇನ್ನೊಂದರಲ್ಲಿ 0.1. ‘ಹತ್ತು ಗೆರೆ ಹಾಕಿ’ ಎಂದು ಬಾಯಿಮಾತಿನಲ್ಲಿ ಕೇಳಿ ಬಂದವರ ಕೈಯಲ್ಲಿ ಯಾವ ಸಿರಿಂಜು ಇದೆಯೋ ಅದರ ಮೇಲೆ ಎರಡೂವರೆ ಪಟ್ಟಿನ ವ್ಯತ್ಯಾಸ. ಇನ್ನು, ಗಟ್ಟಿ ಮದ್ದಿಗೆ ಮನೆಯಲ್ಲೇ ನೀರು ಬೆರೆಸಿ ತೆಳ್ಳಗೆ ಮಾಡಿಕೊಳ್ಳಬಹುದಲ್ಲ ಎಂಬ ಜಾಣತನ ಐವರ್‌ಮೆಕ್ಟಿನ್ನಿನ ಮುಂದೆ ನಡೆಯದು. ಅದು ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ಬೆರೆಸಿದ ಲೋಟದ ಮೊದಲ ತೊಟ್ಟಿನಲ್ಲಿರುವುದು ಬೇರೆ, ಕೊನೆಯ ತೊಟ್ಟಿನಲ್ಲಿರುವುದು ಬೇರೆ. ಅದನ್ನು ತೆಳುಗೊಳಿಸಲು ತಕ್ಕ ದ್ರವವೇ ಬೇರೆಯುಂಟು. ಆ ಕೆಲಸವನ್ನು ಚಿಕಿತ್ಸಾಲಯದಲ್ಲಿಯೇ ಮಾಡಿಸಿಕೊಂಡು, ಸೀಸೆಯ ಮೇಲೆ ಪ್ರಾಣಿಯ ಹೆಸರು, ತೂಕ, ಮಿಲಿಗ್ರಾಂ, ತಾರೀಖುಗಳನ್ನು ಕನ್ನಡದಲ್ಲಿ ಬರೆಯಿಸಿಕೊಂಡು ಬರಬೇಕು.